ಡಬ್ಬಿಯಿಲ್ಲದ ಮುಚ್ಚಳ

ಕುಪ್ಪಗಡ್ಡೆಯಲ್ಲಿರುವ ನನ್ನ ಅಕ್ಕ ಸರೋಜಳ ಅಡುಗೆಮನೆಗೆ ನೀವು ಹೋದರೆ, ಗ್ಯಾಸ್ ಒಲೆಯ ಪಕ್ಕದ ಗೂಡಿನಲ್ಲಿ ನೀಲಿ ಹೂವಿನ ಒಂದು ಪಿಂಗಾಣಿ ಬಟ್ಟಲು ಕಾಣುತ್ತದೆ. ಅದರ ಮೇಲೆ ಅದಕ್ಕೆ ಒಂಚೂರೂ ಹೊಂದದ ಒಂದು ಸ್ಟೀಲ್ ಮುಚ್ಚಳ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ‘ಅವ್ವನಿಂದ’ ಎಂದು ಕೊರೆದಿದೆ. ಇದರ ಡಬ್ಬಿ ಎಲ್ಲಿ ಎಂದು ಕೇಳಿದರೆ ಅಕ್ಕ, ಗ್ರೀಸಿನಲ್ಲಿದೆ ಎನ್ನುತ್ತಾಳೆ, ಇಲ್ಲೇ ಪಕ್ಕದ ಸೊರಬದಲ್ಲಿದೆ ಎನ್ನುವಷ್ಟೇ ಸಲೀಸಾಗಿ. ಬಂದ ನೆಂಟರು ಆಗ ನನ್ನ ಮುಖ ನೋಡುತ್ತಾರೆ. ನಾನು ಹೌದೆಂದು ತಲೆಯಾಡಿಸುತ್ತೇನೆ. ಶಿಕಾರಿಪುರದ ಕೋರ್ಟಿನಲ್ಲಿ ಜಮೀನು ವ್ಯಾಜ್ಯ ನಡೆಸಿಯೇ ತಲೆ ಬೆಳ್ಳಗಾದ ವಕೀಲ ನಾನು. ನನ್ನ ಮಾತನ್ನು ನಂಬುವುದೂ ಬಿಡುವುದೂ ಅವರಿಗೆ ಬಿಟ್ಟದ್ದು.

ಮೊದಲೇ ಹೇಳಿಬಿಡುತ್ತೇನೆ, ಗ್ರೀಸ್ ನೋಡಬೇಕೆಂಬ ಆಸೆ ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ. ಅಕ್ಕನಿಗೆ ಬೇಕಾಗಿದ್ದದ್ದು ಒಂದು ಮಿಕ್ಸಿ. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಮಿಕ್ಸಿ ಕೊಂಡಳು, ಅವರು ಒಂದು ಕೂಪನ್ನು ಕೊಟ್ಟರು, ಅದನ್ನು ಮಿಕ್ಸಿಯ ಪೆಟ್ಟಿಗೆಯೊಳಗೇ ಹಾಕಿ ಮರೆತಳು. ಆಮೇಲೆ ಅಂಗಡಿಯವನು ಫೋನು ಮಾಡಿದಾಗ, ಇದು ಬ್ಯಾಂಕಿನ ಹೆಸರು ಹೇಳಿ ಟೋಪಿ ಹಾಕುವವರ ಫೋನು ಎಂದುಕೊಂಡು ಬಾಯಿಗೆ ಬಂದಂತೆ ಬೈದಳು. ಪಾಪ, ಅವನು ಮತ್ತೆ ಮತ್ತೆ ಮಾಡಿ, ಕೊನೆಗೆ ಅಂಗಡಿಯ ಯಜಮಾನನೇ ಮಾತಾಡಿ, ನಿಮಗೆ ಮೊದಲನೇ ಬಹುಮಾನ ಬಂದಿದೆ ತಾಯಿ ಎಂದು ಒಪ್ಪಿಸಬೇಕಾಯಿತು. ಮೊದಲನೇ ಬಹುಮಾನ ಇಬ್ಬರಿಗೆ ಗ್ರೀಸ್ ಪ್ರವಾಸ. ಎರಡನೇ ಬಹುಮಾನ ಎರಡು ಬಾಗಿಲಿನ ಫ್ರಿಜ್. ಅಕ್ಕನಿಗೆ ಇದು ಅನ್ಯಾಯ ಎನಿಸಿತು. ಮಾರನೆಯ ಬೆಳಿಗ್ಗೆಯೇ ಬಸ್ಸು ಹತ್ತಿ ಶಿಕಾರಿಪುರಕ್ಕೆ ಬಂದು, ಕಕ್ಷಿದಾರರ ಬೆಂಚಿನ ಮೇಲೆ ಕೂತು ಕೇಳಿದಳು:

“ತಮ್ಮಾ, ಮೊದಲನೇದು ಬ್ಯಾಡ, ಎರಡನೇದು ಕೊಡ್ರಿ ಅನ್ನಾಕೆ ಕಾನೂನಲ್ಲಿ ದಾರಿ ಇಲ್ಲೇನೋ?”

ನಾನು ಗಂಭೀರವಾಗಿ ಯೋಚಿಸಿದಂತೆ ಮಾಡಿ, ಇಲ್ಲ ಎಂದೆ. ಅವಳು ಬಿಡುವವಳಲ್ಲ. ಫ್ರಿಜ್ ಗೆದ್ದವರು ಹೊಸಬಾಳೆ ಊರಿನವರು ಎಂದು ಪತ್ತೆ ಹಚ್ಚಿ ಅವರ ಮನೆಗೇ ಹೋದಳು. ನೀವು ಗ್ರೀಸಿಗೆ ಹೋಗಿ, ಫ್ರಿಜ್ ನನಗೆ ಕೊಡಿ ಎಂದು ಕೇಳಿದಳು. ಅವರು ಕಾಫಿ ಕೊಟ್ಟು, ಫ್ರಿಜ್ಜಿನಲ್ಲಿ ಆಗಲೇ ಹಾಲು ಇಟ್ಟಾಗಿದೆಯಮ್ಮ ಎಂದರಂತೆ. ಹಾಲು ಇಟ್ಟ ಮೇಲೆ ಅದು ಮನೆಯ ವಸ್ತು, ಕೇಳುವ ಹಾಗಿಲ್ಲ. ಅಕ್ಕ ಅದನ್ನು ಒಪ್ಪಿಕೊಂಡು ವಾಪಸು ಬಂದಳು. ಹರಿಹರದ ಆಚೆ ನನಗೇನು ಕೆಲಸ ಎಂದು ಭಾವ ಟಿಕೆಟ್ಟಿನಿಂದ ಕೈತೊಳೆದುಕೊಂಡರು. ಹೀಗೆ ಬೇರೆ ಯಾರೂ ಒಪ್ಪದ ಕಾರಣ ನಾನು ವಿದೇಶ ಪ್ರಯಾಣ ಮಾಡಿದೆ.

ಈಗ ಡಬ್ಬಿಯ ವಿಷಯ. ಅಕ್ಕನ ಮದುವೆಯ ಹೊತ್ತಿಗೆ ಅವ್ವ ಒಂದು ದೊಡ್ಡ ಸ್ಟೀಲ್ ಡಬ್ಬಿ ತಂದು, ಹೆಸರು ಕೊರೆಸಲು ನನ್ನನ್ನೂ ಕರೆದುಕೊಂಡು ಸಂತೆಗೆ ಹೋದಳು. ಪಾತ್ರೆಗೆ ಹೆಸರು ಕೊರೆಯುವವನು ಗೋಣಿಚೀಲ ಹಾಸಿಕೊಂಡು ಕೂತಿರುತ್ತಿದ್ದ. ಡಬ್ಬಿ ಅಲ್ಲಾಡದಂತೆ ಹಿಡಿದುಕೊಳ್ಳುವುದು ನನ್ನ ಕೆಲಸ. ‘ಸರೋಜಳಿಗೆ ಅವ್ವನಿಂದ’ ಎಂದು ಬರೆ ಎಂದಳು ಅವ್ವ. ಅವನು ಉಳಿಯಿಟ್ಟು ಕುಟ್ಟುತ್ತಾ ಹೋದ, ನನ್ನ ಹಲ್ಲೆಲ್ಲ ಜುಮುಗುಟ್ಟಿತು. ಡಬ್ಬಿಯಲ್ಲಿ ಬೇಕಾದಷ್ಟು ಜಾಗವಿದ್ದರೂ ‘ಸರೋಜಳಿಗೆ’ ಎಂಬುದನ್ನೇ ಮದುವೆ ಮನೆಯ ಬೋರ್ಡಿನಷ್ಟು ದೊಡ್ಡದಾಗಿ ಬರೆದು, ಡಬ್ಬಿಯ ಹಿಡಿಯ ಹತ್ತಿರ ಬಂದಾಗ ಜಾಗ ಮುಗಿಯಿತು ಎಂದ. ಅವ್ವ ಸಂತೆಗೆ ಸಂತೆಯೇ ತಿರುಗಿ ನೋಡುವಂತೆ ಜಗಳ ಆಡಿದಳು. ಕೊನೆಗೆ ‘ಅವ್ವನಿಂದ’ ಎಂಬುದು ಮುಚ್ಚಳದ ಮೇಲೆ ಬಂತು. ಅವ್ವ ಹೋದ ಮೇಲೆ ಅವಳ ಸೀರೆಗಳನ್ನು ಯಾರ್ಯಾರೋ ಉಟ್ಟು ಹರಿದರು, ಓಲೆಯನ್ನು ಮುರಿಸಿ ಮೊಮ್ಮಗಳಿಗೆ ಬೇರೆ ಮಾಡಿಸಿದರು. ಅಕ್ಕನ ಪಾಲಿಗೆ ಅವ್ವನದೆಂದು ಉಳಿದದ್ದು ಈ ಡಬ್ಬಿಯೊಂದೇ. ನೆಂಟರ ಮನೆಗೆ ಹೋದರೂ, ಆಸ್ಪತ್ರೆಗೆ ಹೋದರೂ ಅದು ಅವಳ ಜೊತೆಗೇ ಹೋಗುತ್ತಿತ್ತು. ಗ್ರೀಸಿಗೂ ಹೊರಟಿತು.

ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಅಕ್ಕನ ಚೀಲ ಬಿಚ್ಚಿಸಿದ. ಅವಲಕ್ಕಿ, ಶೇಂಗಾ ಚಟ್ನಿಪುಡಿ, ಕಟಕ್ ರೊಟ್ಟಿ, ಶೇಂಗಾ ಉಂಡೆ ಸಾಲಾಗಿ ಹೊರಬಂದವು. ಚಟ್ನಿಪುಡಿಯನ್ನು ಅವನು ಮೂಸಿ ನೋಡಿದ. ಅಕ್ಕ, ಹಂಗೇ ಮೂಸಿದರೆ ಏನು ಗೊತ್ತಾಗತ್ತೆ, ಒಂಚೂರು ಬಾಯಿಗೆ ಹಾಕ್ಕೊಳ್ಳಿ ರೀ ಎಂದು ಒತ್ತಾಯ ಮಾಡಿದಳು. ಅವನು ಹಾಕಿಕೊಳ್ಳಲಿಲ್ಲ, ಆದರೆ ನಮ್ಮನ್ನು ಬೇಗ ಬಿಟ್ಟ.

ನಾವು ಹೋದ ಊರು ನಾಫ್ಲಿಯೊ. ಅಂಗಡಿಯವನು ಉಳಿತಾಯ ಮಾಡಲು ಹೋಗಿ ಇಡೀ ದೇಶದ ಬದಲು ಒಂದೇ ಊರು ತೋರಿಸುವ ಏರ್ಪಾಡು ಮಾಡಿದ್ದ. ಅದು ನಮಗೆ ಒಳ್ಳೆಯದೇ ಆಯಿತು. ಸಮುದ್ರದ ದಂಡೆಯ ಹಳೆಯ ಪಟ್ಟಣ. ಹೊಸ ಗ್ರೀಸ್ ದೇಶ ಹುಟ್ಟಿದಾಗ ಕೆಲವು ಕಾಲ ಅದೇ ರಾಜಧಾನಿಯಾಗಿತ್ತಂತೆ. ತಲೆಯ ಮೇಲೆ ಬಂಡೆಗಲ್ಲಿನ ಗುಡ್ಡ, ಗುಡ್ಡದ ಮೇಲೆ ವೆನಿಸಿನವರು ಕಟ್ಟಿದ ಕೋಟೆ. ಸಮುದ್ರದ ನಡುವೆ ಇನ್ನೊಂದು ಪುಟಾಣಿ ಕೋಟೆ. ವೆನಿಸಿನವರು, ತುರ್ಕರು, ಮತ್ತೆ ವೆನಿಸಿನವರು, ಮತ್ತೆ ತುರ್ಕರು ಹೀಗೆ ಊರಿನ ಖಾತೆ ಬದಲಾಗುತ್ತಲೇ ಹೋಗಿದೆ. ಓದುತ್ತಾ ನನಗೆ ನಮ್ಮ ತಾಲ್ಲೂಕು ಕಚೇರಿಯ ನೆನಪಾಯಿತು. ಇಷ್ಟು ಸಲ ಹಕ್ಕು ಬದಲಾದ ಜಮೀನಿನ ಕೇಸು ಸಿಕ್ಕಿದ್ದರೆ ನನ್ನ ಮಕ್ಕಳ ಕಾಲದವರೆಗೂ ಊಟಕ್ಕೆ ಯೋಚನೆ ಇರುತ್ತಿರಲಿಲ್ಲ.

ನಾವು ಇಳಿದುಕೊಂಡದ್ದು ಹಳೆಯ ಬೀದಿಯೊಂದರ ಮನೆಯ ಮಾಳಿಗೆಯ ಕೋಣೆಯಲ್ಲಿ. ಒಂದು ಮೂಲೆಯಲ್ಲಿ ಒಲೆಯೂ ಇತ್ತು. ಕೆಳಗೆ ಮನೆಯೊಡತಿ ಎಲೆನಿ ಒಬ್ಬಳೇ ಇದ್ದಳು. ಎಪ್ಪತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಅವಳ ಬಾಗಿಲ ಪಕ್ಕ ಎಣ್ಣೆಯ ತಗಡಿನ ಡಬ್ಬದಲ್ಲಿ ತುಳಸಿಯ ಹಾಗೆಯೇ ಕಾಣುವ ಗಿಡ ಬೆಳೆದಿತ್ತು. ಅಕ್ಕ ಟ್ಯಾಕ್ಸಿಯಿಂದ ಇಳಿದವಳೇ ಚಪ್ಪಲಿ ಕಳಚಿ, ಗಿಡಕ್ಕೆ ಕೈಮುಗಿದು, ಒಂದು ಸುತ್ತು ಬಂದಳು. ಗೋಡೆ ಅಡ್ಡ ಇದ್ದುದರಿಂದ ಅರ್ಧ ಸುತ್ತು. ಎಲೆನಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನು ತಿಳಿದುಕೊಂಡಳೋ, ಒಂದು ಕುಡಿ ಚಿವುಟಿ ಅಕ್ಕನ ಕೈಗೆ ಕೊಟ್ಟಳು. ಅಕ್ಕ ಅದನ್ನು ತುರುಬಿಗೆ ಸಿಕ್ಕಿಸಿಕೊಂಡಳು. ಅದೇ ಗಿಡವನ್ನು ಆಯಮ್ಮ ಟೊಮೆಟೊ ಜೊತೆ ಬೇಯಿಸುತ್ತಾಳೆಂದು ಗೊತ್ತಾದದ್ದು ಆಮೇಲೆ. ಅಷ್ಟರಲ್ಲಿ ಸ್ನೇಹ ಬೆಳೆದಿತ್ತು, ಆಕ್ಷೇಪಣೆ ಸಲ್ಲಿಸುವ ವಾಯಿದೆ ಮುಗಿದಿತ್ತು.

ಅವತ್ತೇ ಸಂಜೆ ಎಲೆನಿ ನೀಲಿ ಹೂವಿನ ಬಟ್ಟಲಲ್ಲಿ ಕಿತ್ತಳೆಹಣ್ಣು ತಂದುಕೊಟ್ಟಳು. ಹಣ್ಣು ಒಳ್ಳೆಯದಿತ್ತು. ತಿಂದು ಬಟ್ಟಲು ತೊಳೆದು ನಾನು ಕೆಳಗೆ ಕೊಟ್ಟುಬರಲು ಹೊರಟೆ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಒಬ್ಬರ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ವಾಪಸು ಕೊಡುವ ಪದ್ಧತಿ ಇಲ್ಲ. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಲೋಟ ಕೊಡಲು ಹೋಗುವಾಗಲೂ ಅವ್ವ ಅದರ ತಳಕ್ಕೆ ಒಂದಿಷ್ಟು ಸಕ್ಕರೆ ಹಾಕುತ್ತಿದ್ದಳು. ಆ ಸಕ್ಕರೆ ಪಕ್ಕದ ಮನೆ ತಲುಪುತ್ತಿತ್ತೋ ಇಲ್ಲವೋ ಎಂಬ ಬಗ್ಗೆ ನಾನು ಇಲ್ಲಿ ಹೇಳಿಕೆ ಕೊಡುವುದಿಲ್ಲ.

ಅಕ್ಕ ಅವಲಕ್ಕಿ ಒಗ್ಗರಣೆ ಮಾಡಿ ಬಟ್ಟಲು ತುಂಬಿ ಕಳಿಸಿದಳು. ಮಾರನೆಯ ದಿನ ಅದೇ ಬಟ್ಟಲು ದ್ರಾಕ್ಷಿ ಎಲೆಯಲ್ಲಿ ಏನನ್ನೋ ಸುತ್ತಿದ ಸುರುಳಿಗಳನ್ನು ಹೊತ್ತು ಮೇಲೆ ಬಂತು. ಒಳಗೆ ಮಾಂಸವಿದೆಯೇ ಎಂದು ತಿಳಿಯಬೇಕಿತ್ತು. ನನ್ನ ಇಂಗ್ಲಿಷು ಎಲೆನಿಗೆ ಬಾರದು, ಅವಳ ಗ್ರೀಕು ನನಗೆ ಬಾರದು. ಹಾಗಾಗಿ ನ್ಯಾಯಾಧೀಶರ ಎದುರು ನಿಂತು ವಾದಿಸುವ ನಾನು ಗ್ರೀಸಿನ ಬೀದಿಯಲ್ಲಿ ನಿಂತು ಕುರಿಯಂತೆ ‘ಬ್ಯಾ’ ಎಂದು, ಇದು ಒಳಗಿದೆಯೇ ಎಂದು ಕೈಯಲ್ಲಿ ಕೇಳಿದೆ. ಎಲೆನಿ ಬಿದ್ದು ಬಿದ್ದು ನಕ್ಕಳು. ಒಳಗೊಯ್ದು ಅಕ್ಕಿಯ ಡಬ್ಬ ತೋರಿಸಿದಳು. ಅಕ್ಕ ಒಂದು ಸುರುಳಿ ತಿಂದು ತೀರ್ಪು ಕೊಟ್ಟಳು: ಕೆಸುವಿನೆಲೆ ಸಿಗದವರು ಮಾಡಿಕೊಂಡ ಪತ್ರೊಡೆ ಇದು, ಖಾರ ಒಂದು ಕಡಿಮೆ. ಬಟ್ಟಲು ಚಟ್ನಿಪುಡಿ ತುಂಬಿಕೊಂಡು ಕೆಳಗಿಳಿಯಿತು. ಆಮೇಲೆ ಸ್ವಲ್ಪ ಹೊತ್ತು ಕೆಳಗಿನಿಂದ ಕೆಮ್ಮು ಕೇಳಿಸಿತು. ಆದರೆ ಸಂಜೆ ನೋಡಿದರೆ ಎಲೆನಿ ಅದನ್ನೇ ಆಲಿವ್ ಎಣ್ಣೆಯಲ್ಲಿ ಕಲಸಿ ಬ್ರೆಡ್ಡಿಗೆ ಹಚ್ಚಿಕೊಂಡು, ಮೆಟ್ಟಿಲ ಮೇಲೆ ಕೂತು ಕಣ್ಣೀರು ಒರೆಸಿಕೊಳ್ಳುತ್ತಾ ತಿನ್ನುತ್ತಿದ್ದಳು.

ಈ ನಡುವೆ ನಾನು ಇತಿಹಾಸ ತೋರಿಸುವ ಪ್ರಯತ್ನವನ್ನೂ ಮಾಡಿದೆ ಎಂಬುದನ್ನು ದಾಖಲೆಗೆ ತೆಗೆದುಕೊಳ್ಳಬೇಕು. ಗುಡ್ಡದ ಮೇಲಿನ ಕೋಟೆಗೆ ಹತ್ತುವ ಮೆಟ್ಟಿಲು ನೋಡಿ ಅಕ್ಕ, ಇದಕ್ಕೆ ಇಷ್ಟು ದೂರ ಬರಬೇಕಿತ್ತೇನೋ, ನಮ್ಮ ಚಂದ್ರಗುತ್ತಿ ಕೋಟೆ ಇತ್ತಲ್ಲ ಎಂದಳು. ಅರ್ಧದಲ್ಲಿ ಕೂತು ಏದುಸಿರು ಬಿಟ್ಟವನು ನಾನು. ಅವಳು ಮೇಲೆ ಹೋಗಿ ಸಮುದ್ರ ನೋಡಿಕೊಂಡು ಬಂದು, ಚೆನ್ನಾಗೈತೆ, ನೀ ನೋಡಬೇಕಿತ್ತು ಎಂದಳು. ಮೈಸೀನಿ ಎಂಬ ಪುರಾತನ ಹಾಳೂರಿಗೆ ಕರೆದೊಯ್ದೆ. ಹೆಬ್ಬಾಗಿಲ ಮೇಲೆ ಎದುರುಬದುರು ನಿಂತ ಎರಡು ಸಿಂಹಗಳ ಕೆತ್ತನೆ, ಎರಡಕ್ಕೂ ತಲೆ ಬಿದ್ದುಹೋಗಿದೆ. ಪ್ರಪಂಚದ ಮೂಲೆಮೂಲೆಯಿಂದ ಬಂದ ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅಕ್ಕನೂ ನೋಡಿದಳು. ನಮ್ಮ ಬಳ್ಳಿಗಾವಿಯಲ್ಲಿ ಒಂದೇ ಮೈಗೆ ಎರಡು ತಲೆಯ ಗಂಡಭೇರುಂಡ ಇದೆ, ಇಲ್ಲಿ ಎರಡು ಮೈಗೆ ಸೇರಿ ಒಂದು ತಲೆಯೂ ಇಲ್ಲ, ಅದಕ್ಕೆ ಟಿಕೆಟ್ಟು ಬೇರೆ ಎಂದಳು.

ಅವತ್ತು ಬೆಳಿಗ್ಗೆ ಹೊರಡುವ ಮೊದಲು ಅಕ್ಕ ಒಂದು ಕೆಲಸ ಮಾಡಿದ್ದಳು. ಬರೀ ಎಲೆನಿಯ ಬಟ್ಟಲು ತುಂಬಿ ಕೊಟ್ಟಿದ್ದೇ ಆಯಿತು, ಅದು ಮರ್ಯಾದೆಯೇ ಹೊರತು ಕೊಟ್ಟ ಹಾಗಲ್ಲ, ನಾವಾಗಿ ಒಂದು ಸಲ ಕೊಡಬೇಡವೇ ಎಂದು ಅವಳಿಗೆ ಅನಿಸಿತ್ತು. ಅವ್ವನ ಡಬ್ಬಿಗೆ ಶೇಂಗಾ ಉಂಡೆ ತುಂಬಿ, ಮುಚ್ಚಳ ಹಾಕಿ, ಎಲೆನಿಗೆ ಕೊಟ್ಟುಬಂದಿದ್ದಳು. ಮೈಸೀನಿಯಿಂದ ವಾಪಸು ಬರುವಾಗ ನನಗೆ ಹೇಳಿದಳು. ಬೇರೆ ಪಾತ್ರೆ ಇರಲಿಲ್ಲವೇ ಎಂದೆ. ಒಳ್ಳೆ ಪದಾರ್ಥವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೊಡಲಾ ಎಂದು ಕೇಳಿದಳು. ನಾಡಿದ್ದು ಬೆಳಿಗ್ಗೆ ನಮ್ಮ ವಿಮಾನ. ಆದರೂ ಡಬ್ಬಿ ವಾಪಸು ಬರುತ್ತದೆ ಎಂಬ ಧೈರ್ಯ ಅವಳಿಗಿತ್ತು.

ಮಾರನೆಯ ದಿನ ಎಪಿಡಾರಸ್ ಎಂಬಲ್ಲಿಗೆ ಹೋದೆವು. ಗುಡ್ಡದ ಇಳಿಜಾರಿನಲ್ಲಿ ಕಲ್ಲಿನ ಸಾಲು ಸಾಲು ಆಸನಗಳ ಬಯಲು ರಂಗಮಂದಿರ. ಕೆಳಗೆ ನಡುಮಧ್ಯೆ ನಿಂತು ಕಾಗದ ಹರಿದರೂ ಕೊಟ್ಟಕೊನೆಯ ಸಾಲಿಗೆ ಕೇಳಿಸುತ್ತದೆ. ನಾನು ಮೇಲಿನ ಸಾಲಿಗೆ ಹತ್ತಿ, ಅಕ್ಕನನ್ನು ನಡುವೆ ನಿಲ್ಲಿಸಿ, ಏನಾದರೂ ಮಾತಾಡು ಎಂದು ಸನ್ನೆ ಮಾಡಿದೆ. ಪ್ರವಾಸಿಗರೆಲ್ಲ ಸೀರೆಯುಟ್ಟ ಹೆಂಗಸು ಹಾಡುತ್ತಾಳೆಂದು ಮೊಬೈಲ್ ಎತ್ತಿ ಹಿಡಿದರು. ಅಕ್ಕ ಸೆರಗು ಸರಿಮಾಡಿಕೊಂಡು, ತೀರಾ ಮೆಲ್ಲಗೆ, ಕಿವಿಯಲ್ಲಿ ಹೇಳಿದಂತೆ ಕೇಳಿದಳು:

“ಡಬ್ಬಿ ಇನ್ನೂ ಬಂದಿಲ್ಲಲ್ಲೋ ತಮ್ಮಾ.”

ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲುಗಳು ಆ ಮಾತನ್ನು ಒಂದಕ್ಷರ ಬಿಡದೆ ತಂದು ನನ್ನ ಕಿವಿಗೆ ಹಾಕಿದವು. ಸುತ್ತಲಿನ ಜನ ಚಪ್ಪಾಳೆ ತಟ್ಟಿದರು. ಯಾವುದೋ ಪ್ರಾರ್ಥನೆ ಎಂದುಕೊಂಡರೇನೋ. ನನಗೆ ನಗು ಬಂತು. ಆದರೆ ಆ ದನಿಯಲ್ಲಿ ಹೆದರಿಕೆ ಇತ್ತು. ಅವಳ ಪಕ್ಕದಲ್ಲೇ ನಿಂತಿದ್ದರೆ ಅದು ನನಗೆ ಕೇಳಿಸುತ್ತಿರಲಿಲ್ಲ.

ಸಂಜೆ ಎಲೆನಿ ಮೇಲೆ ಬಂದಳು. ಕೈಯಲ್ಲಿ ಮತ್ತೆ ಅದೇ ಬಟ್ಟಲು, ತುಂಬ ಜೇನಿನಲ್ಲಿ ಅದ್ದಿದ ಕಜ್ಜಾಯದಂಥದ್ದು. ಇರುವೆ ಮುತ್ತದಿರಲಿ ಎಂದು ಬಟ್ಟಲಿನ ಮೇಲೆ ನಮ್ಮ ಡಬ್ಬಿಯ ಮುಚ್ಚಳ ಮುಚ್ಚಿದ್ದಳು. ಡಬ್ಬಿ? ಅಕ್ಕ ಕೈಯಲ್ಲಿ ಡಬ್ಬಿಯ ಆಕಾರ ಮಾಡಿ ಕೇಳಿದಳು. ಎಲೆನಿ ಎದೆ ಮುಟ್ಟಿಕೊಂಡು, ಹಿಟ್ಟು ನಾದುವಂತೆ ಕೈಯಾಡಿಸಿ, ಒಲೆಯ ಕಡೆ ತೋರಿಸಿ, ನಾಳೆ ಎಂಬಂತೆ ಸೂರ್ಯ ಏಳುವುದನ್ನು ಅಭಿನಯಿಸಿದಳು. ಅಕ್ಕನ ಮುಖ ಅರಳಿತು. ನೋಡಿದ್ಯಾ, ಖಾಲಿ ಕೊಡಬಾರದು ಅಂತ ಇವರಲ್ಲೂ ಐತೆ, ಏನೋ ಬೇಯಿಸಿ ತುಂಬಿ ಕೊಡ್ತಾಳಂತೆ ಎಂದಳು. ಮುಚ್ಚಳ ಬಂದಮೇಲೆ ಡಬ್ಬಿ ಬಂದಂತೆಯೇ ಎಂದು ನಾನೂ ನಿರಾಳವಾದೆ. ಮಧ್ಯಂತರ ಪರಿಹಾರ ಸಿಕ್ಕ ಕಕ್ಷಿದಾರನಂತೆ ಕಜ್ಜಾಯ ತಿಂದೆ.

ಬೆಳಿಗ್ಗೆ ಎಡವಟ್ಟಾಯಿತು. ಟ್ಯಾಕ್ಸಿಯವನು ಹೇಳಿದ್ದಕ್ಕಿಂತ ಬಹಳ ಮೊದಲೇ ಬಂದು ಹಾರ್ನ್ ಹೊಡೆದ. ದಾರಿಯಲ್ಲಿ ಏನೋ ಮುಷ್ಕರವಂತೆ, ಈಗ ಹೊರಡದಿದ್ದರೆ ವಿಮಾನ ಸಿಗುವುದಿಲ್ಲ ಎಂದ. ಅಕ್ಕ ಎಲೆನಿಯ ಬಟ್ಟಲು ತೊಳೆದು ಹಿಡಿದುಕೊಂಡು ಕೋಣೆಯೆಲ್ಲ ಹುಡುಕಿದಳು. ತುಂಬಲು ಏನೂ ಇರಲಿಲ್ಲ. ಅವಲಕ್ಕಿ ಮುಗಿದಿತ್ತು, ಪುಡಿ ಮುಗಿದಿತ್ತು, ರೊಟ್ಟಿ ಮುಗಿದಿತ್ತು. ಸಕ್ಕರೆ ಹಾಕಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಉಳಿದ ಸಕ್ಕರೆಯ ಪೊಟ್ಟಣವನ್ನು ಕೋಣೆ ಚೊಕ್ಕಟ ಮಾಡಿ ಬಿಟ್ಟುಕೊಡಬೇಕೆಂಬ ಉತ್ಸಾಹದಲ್ಲಿ ನಾನೇ ಕಸದ ಬುಟ್ಟಿಗೆ ಹಾಕಿದ್ದೆ, ಅದರ ಮೇಲೆ ಚಹಾದ ಚರಟ ಸುರಿದಿದ್ದೆ. ಬಿಸ್ಕತ್ತು ಕೊಂಡುತರುತ್ತೇನೆ ಎಂದೆ. ಅಂಗಡಿ ಯಾವುದೂ ತೆರೆದಿರಲಿಲ್ಲ.

ಕೆಳಗಿಳಿದರೆ ಎಲೆನಿ ಬಾಗಿಲಲ್ಲಿ ನಿಂತಿದ್ದಳು. ಮೊಣಕೈವರೆಗೂ ಹಿಟ್ಟು. ಎದೆಗವಚಿಕೊಂಡಿದ್ದ ಕೈಯಲ್ಲಿ ನಮ್ಮ ಡಬ್ಬಿ, ಒರೆಸಿ ಫಳಫಳ ಹೊಳೆಯುತ್ತಿತ್ತು. ಒಳಗೆ ಏನೂ ಇರಲಿಲ್ಲ. ಹಿಂದೆ ಒಲೆಯಲ್ಲಿ ಬ್ರೆಡ್ಡು ಇನ್ನೂ ಹಸಿ. ಅವಳು ಒಲೆ ತೋರಿಸಿದಳು, ಟ್ಯಾಕ್ಸಿ ತೋರಿಸಿದಳು, ತನ್ನ ಹಣೆ ಹೊಡೆದುಕೊಂಡಳು. ಅಕ್ಕ ಖಾಲಿ ಬಟ್ಟಲು ತೋರಿಸಿ ತಾನೂ ಹಣೆ ಹೊಡೆದುಕೊಂಡಳು. ಒಬ್ಬಳ ಕೈಯಲ್ಲಿ ಇನ್ನೊಬ್ಬಳ ಪಾತ್ರೆ, ಎರಡೂ ಖಾಲಿ. ಡ್ರೈವರ್ ಮತ್ತೆ ಹಾರ್ನ್ ಹೊಡೆದ.

ಇಂಥ ಹೊತ್ತಿನಲ್ಲಿ ವಕೀಲನಾದವನು ಸುಮ್ಮನಿರಬಾರದು. ಇಬ್ಬರದೂ ಖಾಲಿ, ಆದ್ದರಿಂದ ಇಬ್ಬರೂ ಸಮ, ಒಟ್ಟಿಗೆ ಅದಲುಬದಲು ಮಾಡಿಕೊಂಡರೆ ಯಾರಿಗೂ ಕಡಿಮೆಯಾಗುವುದಿಲ್ಲ ಎಂದು ಕನ್ನಡದಲ್ಲೂ ಕೈಸನ್ನೆಯಲ್ಲೂ ರಾಜಿ ಸೂತ್ರ ಮಂಡಿಸಿದೆ. ಆ ಇಬ್ಬರು ಹೆಂಗಸರು ನನ್ನತ್ತ ತಿರುಗಿ ನೋಡಿದ ನೋಟ ಒಂದೇ ಆಗಿತ್ತು. ನಾನು ಸೂಟ್‌ಕೇಸ್ ಎತ್ತಿಕೊಂಡು ಟ್ಯಾಕ್ಸಿಯ ಹತ್ತಿರ ಹೋಗಿ ನಿಂತೆ.

ಎಲೆನಿ ಕೊನೆಗೆ ಡಬ್ಬಿಯನ್ನು ಮುಂದೆ ಚಾಚಿದಳು. ಅವಳ ಕಣ್ಣಲ್ಲಿ ನೀರಿತ್ತು. ತೆಗೆದುಕೋ ಎಂದು ನಾನು ಮನಸ್ಸಿನಲ್ಲೇ ಕೂಗಿದೆ. ಅಕ್ಕ ಡಬ್ಬಿಯ ಮೇಲೆ ಕೈಯಿಟ್ಟಳು. ಬೆರಳು ಆ ದೊಡ್ಡ ದೊಡ್ಡ ಅಕ್ಷರಗಳ ಮೇಲೆ ಒಂದು ಸಲ ಆಡಿತು. ಆಮೇಲೆ ಮೆಲ್ಲಗೆ ಅದನ್ನು ಎಲೆನಿಯ ಎದೆಯ ಕಡೆಗೇ ತಳ್ಳಿದಳು.

“ಅವ್ವನ ಡಬ್ಬಿ ಖಾಲಿ ತಗಂಡು ಹೋಗಲ್ಲ. ನಿನ್ ಹತ್ರಾನೇ ಇರ್ಲಿ. ತುಂಬಿದ ಮ್ಯಾಲೆ ಕೊಡೀಯಂತೆ.”

ಎಲೆನಿಗೆ ಏನು ತಿಳಿಯಿತೋ, ಅವಳೂ ಬಟ್ಟಲನ್ನು ಅಕ್ಕನ ಕಡೆಗೆ ತಳ್ಳಿದಳು. ಇಬ್ಬರೂ ತಬ್ಬಿಕೊಂಡರು. ಅಕ್ಕನ ಸೀರೆಯ ಬೆನ್ನ ಮೇಲೆ ಎರಡು ಹಿಟ್ಟಿನ ಕೈ ಮೂಡಿದವು. ಟ್ಯಾಕ್ಸಿ ಹೊರಟ ಮೇಲೆ, ಹಿಂದಿನ ರಾತ್ರಿಯೇ ಪೆಟ್ಟಿಗೆಯಲ್ಲಿ ಹಾಕಿಟ್ಟಿದ್ದ ಮುಚ್ಚಳ ಅಕ್ಕನಿಗೆ ನೆನಪಾಯಿತು. ಅದನ್ನು ತೆಗೆಸಿ, ಬಟ್ಟಲಿನ ಮೇಲೆ ಮುಚ್ಚಿ, ಮಡಿಲಲ್ಲಿಟ್ಟುಕೊಂಡಳು. ವಿಮಾನ ನಿಲ್ದಾಣ ಬರುವವರೆಗೂ ಅತ್ತಳು. ನಾನೂ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, ಕಿತ್ತಳೆ ತೋಟಗಳನ್ನು ಬಹಳ ಆಸಕ್ತಿಯಿಂದ ನೋಡಿದೆ.

ಊರಿಗೆ ಬಂದು ಕೆಲವು ದಿನ ಬಿಟ್ಟು, ಬಟ್ಟಲಲ್ಲಿ ಏನಾದರೂ ತುಂಬಿ ಕೊರಿಯರ್ ಮಾಡೋಣ, ಡಬ್ಬಿಯನ್ನೂ ತರಿಸೋಣ ಎಂದು ಅಕ್ಕನಿಗೆ ಹೇಳಿದೆ. ಅವಳು ಬೇಡ ಎಂದಳು. ಕೊಟ್ಟು ತಗೊಂಡುಬಿಟ್ಟರೆ ಮುಗಿದೇ ಹೋಯಿತಲ್ಲ ಎಂಬುದು ಅವಳ ವಾದ. ನಾನು ಎಷ್ಟೋ ಕೇಸುಗಳನ್ನು ಎಳೆದಾಡಿಸಿದ್ದೇನೆ, ಇಷ್ಟು ಪ್ರೀತಿಯಿಂದ ಯಾವುದನ್ನೂ ಎಳೆದಾಡಿಸಿಲ್ಲ. ಆಗಾಗ ಎಲೆನಿ ನನ್ನ ಫೋನಿಗೆ ಫೋಟೋ ಕಳಿಸುತ್ತಾಳೆ. ಬರವಣಿಗೆ ಇರುವುದಿಲ್ಲ, ಡಬ್ಬಿ ಮಾತ್ರ. ಒಂದು ಸಲ ಅದರಲ್ಲಿ ಕಿತ್ತಳೆ, ಒಂದು ಸಲ ಒಣಗಿಸಿದ ಅಂಜೂರ, ಒಂದು ಸಲ ಬ್ರೆಡ್ಡು. ಎಂದೂ ಖಾಲಿ ಇಲ್ಲ. ಅವಳಿಗೆ ಓದಲು ಬಾರದ ಆ ಅಕ್ಷರಗಳನ್ನು ಪ್ರತಿ ಸಲವೂ ನಮ್ಮ ಕಡೆಗೇ ತಿರುಗಿಸಿಟ್ಟು ಫೋಟೋ ತೆಗೆದಿರುತ್ತಾಳೆ: ‘ಸರೋಜಳಿಗೆ’. ಅಕ್ಕ ಅದನ್ನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡುತ್ತಾಳೆ.

ಹೋದ ವಾರ ಕುಪ್ಪಗಡ್ಡೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಹೊಸ ಮಿಕ್ಸಿಯೊಂದು ಪೆಟ್ಟಿಗೆ ಬಿಚ್ಚದೆ ಕೂತಿತ್ತು. ಹಳೆಯದು ಪಕ್ಕದಲ್ಲೇ ಚಟ್ನಿ ರುಬ್ಬುತ್ತಿತ್ತು, ದನಿಯಲ್ಲಿ ಯಾವ ರೋಗವೂ ಇರಲಿಲ್ಲ. ಅಕ್ಕ ಕೈ ಒರೆಸಿಕೊಂಡು ಗೂಡಿನಿಂದ ಬಟ್ಟಲು ಇಳಿಸಿದಳು. ‘ಅವ್ವನಿಂದ’ ಎಂಬ ಮುಚ್ಚಳ ಎತ್ತಿ, ಒಳಗಿದ್ದ ಅದೇ ಅಂಗಡಿಯ ಒಂದು ಕೂಪನ್ನನ್ನು ತೆಗೆದು ನನ್ನ ಕೈಗಿಟ್ಟಳು.

“ತಮ್ಮಾ, ಈ ಸಲ ಫ್ರಿಜ್ಜೇ ಬಂದ್ಬಿಟ್ರೆ, ಅದು ಬ್ಯಾಡ, ಗ್ರೀಸೇ ಕೊಡ್ರಿ ಅನ್ನಾಕೆ ಕಾನೂನಲ್ಲಿ ದಾರಿ ಐತೇನೋ?”